ಗಾಳಿಗೆ ದಾರಿ ಬಿಟ್ಟು ಜೋಡಿಸಿದ ಕೋಣೆ

ಕಲಬುರಗಿಯ ನಮ್ಮ ಮನೆಯ ಮೂಲೆಯ ಕೋಣೆ 10 ಅಡಿ ಉದ್ದ, 9 ಅಡಿ ಅಗಲದ್ದು. ಹಳ್ಳಿಯಿಂದ ಬರುವ ಜೋಳ ಮತ್ತು ತೊಗರಿಯ ಚೀಲಗಳು, ಕಬ್ಬಿಣದ ಟ್ರಂಕುಗಳು, ಕೌದಿಗಳ ಗಂಟು, ನನ್ನ ಹೊಲಿಗೆ ಯಂತ್ರ ಎಲ್ಲವೂ ಅಲ್ಲಿಯೇ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಅದೇ ಕೋಣೆಯಲ್ಲಿ ಮಗಳು ಪಿಯುಸಿ ಓದಬೇಕು, ನಾನು ಹೊಲಿಗೆ ಮಾಡಬೇಕು, ಶರಣಬಸವೇಶ್ವರರ ಜಾತ್ರೆಗೆ ಬರುವ ಬೀಗರು ಮಲಗಲೂ ಸ್ಥಳವಿರಬೇಕು ಎಂಬುದು ನಮ್ಮ ಅಗತ್ಯವಾಗಿತ್ತು.

ಇಂಥ ಕೆಲಸಕ್ಕೆ ಕೈಹಾಕಿದವರು ಮೊದಲು ಕಪಾಟಿನ ವಿಚಾರ ಮಾಡುತ್ತಾರೆ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ಮೊದಲು ವಿಚಾರಿಸಬೇಕಾದದ್ದು ಗಾಳಿಯನ್ನು ಎಂಬುದು ನನ್ನ ದೃಢ ಅಭಿಪ್ರಾಯ. ಕೂಲರ್ ಹೊರಗಿನ ಒಣಗಾಳಿಯನ್ನು ಒದ್ದೆಯಾದ ಹುಲ್ಲಿನ ಮೂಲಕ ಎಳೆದು ತಂಪು ಮಾಡುತ್ತದೆ. ಆ ಗಾಳಿ ಮತ್ತೊಂದು ಕಡೆಯಿಂದ ಹೊರಗೆ ಹೋಗದಿದ್ದರೆ ಕೋಣೆಯಲ್ಲಿ ತೇವ ತುಂಬಿ, ತಂಪು ಹೋಗಿ ಧಗೆ ಶುರುವಾಗುತ್ತದೆ. ಆದ್ದರಿಂದ ನೆರಳಿರುವ ಉತ್ತರದ ಕಿಟಕಿಗೆ ಹೊರಗಿನಿಂದ ಕೂಲರ್ ಕೂಡಿಸಿ, ಅಲ್ಲಿಂದ ಎದುರಿನ ಬಾಗಿಲವರೆಗೆ 3 ಅಡಿ ಅಗಲದ ಜಾಗದಲ್ಲಿ ಏನನ್ನೂ ಇಡಬಾರದೆಂದು ನಿರ್ಧರಿಸಿದೆ.

ತೇವದ ಗಾಳಿಯಲ್ಲಿ ಕಾಳುಕಡಿಗೆ ಬೂಸಲು ಬರುತ್ತದೆ, ಹುಳು ಬೀಳುತ್ತದೆ. ಹೀಗಾಗಿ ಜೋಳ, ತೊಗರಿಗಳನ್ನು ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಎಲೆ ಬೆರೆಸಿ, ಮುಚ್ಚಳವಿರುವ ತಗಡಿನ ಡಬ್ಬಿಗಳಲ್ಲಿ ತುಂಬಿ ಅಡುಗೆಮನೆಗೆ ಸಾಗಿಸಿದೆವು. ಟ್ರಂಕುಗಳು ಅಟ್ಟಕ್ಕೇರಿದವು. ಅತ್ತೆಯವರು ಕೈಯಿಂದ ಹೊಲಿದ ಕೌದಿಗಳನ್ನು ಮಾತ್ರ ಕಣ್ಣಳತೆಯಲ್ಲಿಯೇ ಇಟ್ಟುಕೊಳ್ಳಬೇಕೆನಿಸಿ, ಕೆಳಗೆ ಪೆಟ್ಟಿಗೆಯಿರುವ ದಿವಾನವೊಂದನ್ನು ಗೋಡೆಗೆ ಹತ್ತಿಸಿ ಮಾಡಿಸಿದೆ.

ಹೆಚ್ಚು ವಿಚಾರ ಬೇಡಿದ್ದು ಮೇಜು. 4 ಅಡಿ ಉದ್ದ, 18 ಅಂಗುಲ ಅಗಲದ ಹಲಗೆಯನ್ನು ನೆಲದಿಂದ 30 ಅಂಗುಲ ಎತ್ತರದಲ್ಲಿ, ಬೇಡವಾದಾಗ ಕೆಳಗೆ ಮಡಚಿಡುವಂತೆ ಬಿಜಾಗರಿ ಹಾಕಿ ಗೋಡೆಗೆ ಜೋಡಿಸಲು ಬಡಗಿಗೆ ಹೇಳಿದೆ. ಓದಲು, ಬರೆಯಲು ತ್ರಿಕೋನದ ಆಸರೆ ಸಾಕಾಗುತ್ತದೆ. ಆದರೆ ಮೋಟರು ಹಚ್ಚಿದ ಹೊಲಿಗೆ ಯಂತ್ರ ಓಡುವಾಗ ಹಲಗೆ ನಡುಗಿ ಹೊಲಿಗೆ ಸೊಟ್ಟಗಾಗುತ್ತದೆ. ಅದಕ್ಕಾಗಿ ಯಂತ್ರ ಕೂಡುವ ಜಾಗದ ಕೆಳಗೆ ಮಡಚುವ ಕಾಲೊಂದನ್ನು ಕೊಡಿಸಿದೆ. ನಮ್ಮ ನೆಲದ ಶಹಾಬಾದ್ ಫರಸಿ ಎಲ್ಲ ಕಡೆ ಒಂದೇ ಮಟ್ಟದಲ್ಲಿಲ್ಲದ ಕಾರಣ, ಆ ಕಾಲಿನ ತುದಿಗೆ ತಿರುಗಿಸಿದರೆ ಏರಿಳಿಯುವ ತಿರುಪು ಮತ್ತು ರಬ್ಬರಿನ ಬುಡ ಇದೆ. ಮಗಳು ಬಲಗೈಯಲ್ಲಿ ಬರೆಯುವವಳಾದ್ದರಿಂದ ಕಿಟಕಿಯ ಬೆಳಕು ಎಡದಿಂದ ಬೀಳುವ ಗೋಡೆಯನ್ನೇ ಆರಿಸಿಕೊಂಡೆ.

ಗೋಡೆಗೆ ಬಿಳಿ ಬಣ್ಣ, ಮಾಳಿಗೆಯ ಮೇಲೆ ಸುಣ್ಣ. ಇದರಲ್ಲಿ ಹೊಸದೇನಿಲ್ಲ, ಆದರೂ ಬಿಡಬಾರದು.

ಬೀಗರು ಬಂದಾಗ ಹಿರಿಯರಿಗೆ ದಿವಾನ. ಉಳಿದವರು ಮೇಜು ಮಡಚಿದ ಮೇಲೆ ಆ ಖಾಲಿ ಜಾಗದಲ್ಲಿಯೇ ಜಮಖಾನ ಹಾಸಿ ಮಲಗುತ್ತಾರೆ. ನಮ್ಮ ಬೋರಿನ ನೀರು ಗಡಸಾಗಿರುವುದರಿಂದ ಕೂಲರಿನ ಹುಲ್ಲಿಗೆ ಬಿಳಿ ಪದರ ಕಟ್ಟಿ ಗಾಳಿ ಕಡಿಮೆಯಾಗುತ್ತದೆ. ಅದನ್ನು ಪ್ರತಿ ಬೇಸಿಗೆಯ ಆರಂಭದಲ್ಲಿ ಬದಲಾಯಿಸುತ್ತೇವೆ.