ಭ್ರೂಣದ ಮುಖ: ಉರು ಹೊಡೆಯಬೇಡಿ, ಬಿಡಿಸಿ ಕಲಿಯಿರಿ

ಮುಂಬೈಯಲ್ಲಿ ಬಿಡಿಎಸ್ (ದಂತವೈದ್ಯ ಪದವಿ) ಮೊದಲ ವರ್ಷ ಓದುವ ನಮ್ಮ ಕನ್ನಡದ ಮಕ್ಕಳು ಮುಖದ ಬೆಳವಣಿಗೆಯನ್ನು ವಾರವಾರದ ಪಟ್ಟಿ ಮಾಡಿ ಉರು ಹೊಡೆಯುತ್ತಾರೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಒಂದು ಅಡ್ಡ ಪ್ರಶ್ನೆ ಬಂದರೆ ಪಟ್ಟಿ ಮಾಯ. ಅದನ್ನು ಬಿಡಿ. ಒಂದು ಹಾಳೆ, ನಾಲ್ಕು ಬಣ್ಣದ ಪೆನ್ಸಿಲ್ ತಗೊಳ್ಳಿ.

ನಡುವೆ ಒಂದು ಗುಳಿ ಬಿಡಿಸಿ. ಇದು ಸ್ಟೋಮೋಡಿಯಮ್, ಮುಂದೆ ಬಾಯಿ ಆಗುವ ಜಾಗ. 4ನೇ ವಾರದ ಮಾತು. ಅದರ ಸುತ್ತ ಐದು ಉಬ್ಬು: ಮೇಲೆ ಒಂದೇ ಫ್ರಂಟೊನೇಸಲ್ (ಹಳದಿ), ಪಕ್ಕದಲ್ಲಿ ಎರಡು ಮ್ಯಾಕ್ಸಿಲರಿ (ಕೆಂಪು), ಕೆಳಗೆ ಎರಡು ಮ್ಯಾಂಡಿಬುಲರ್ (ನೀಲಿ). ಕೆಂಪು, ನೀಲಿ ನಾಲ್ಕೂ ಮೊದಲ ಫ್ಯಾರಿಂಜಿಯಲ್ ಆರ್ಚ್‌ನವು (ಆರ್ಚ್ ಅಂದರೆ ಭ್ರೂಣದ ಗಂಟಲ ಭಾಗದ ಕಮಾನು), ಅದರ ನರ ಟ್ರೈಜೆಮಿನಲ್. ನಾವು ನಗುವಾಗ ಕೆಲಸ ಮಾಡುವ ಸ್ನಾಯುಗಳು ಮಾತ್ರ ಎರಡನೇ ಆರ್ಚ್‌ನಿಂದ ವಲಸೆ ಬಂದವು. ಉಡುಪಿಯಿಂದ ಮುಂಬೈಗೆ ಬಂದವರು ಮನೆಮಾತು ಬಿಡದ ಹಾಗೆ, ಇವೂ ತಮ್ಮ ಫೇಶಿಯಲ್ ನರವನ್ನು ಜೊತೆಗೇ ತಂದವು.

5ನೇ ವಾರಕ್ಕೆ ಹಳದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಮೂಗಿನ ಗುಳಿ. ಗುಳಿಯ ಒಳಬದಿ ಮೀಡಿಯಲ್ ನೇಸಲ್, ಅದು ಹಳದಿಯೇ ಇರಲಿ. ಹೊರಬದಿ ಲ್ಯಾಟರಲ್ ನೇಸಲ್, ಅದಕ್ಕೆ ಹಸಿರು. ಹಸಿರು ಮೂಗಿನ ಹೊಳ್ಳೆಯ ಪಕ್ಕ ಆಗುತ್ತದೆ, ಮೇಲ್ತುಟಿಗೆ ಬರುವುದೇ ಇಲ್ಲ. ಇಲ್ಲಿ ಎಡವುವುದು ಬಹಳ ಸುಲಭ. ಹಸಿರಿಗೂ ಕೆಂಪಿಗೂ ನಡುವಿನ ಗೆರೆಯಲ್ಲೇ ಕಣ್ಣೀರಿನ ನಾಳ ಹುಟ್ಟುತ್ತದೆ, ಅತ್ತಾಗ ಮೂಗು ಸೋರುವುದು ಅದರಿಂದಲೇ.

6, 7ನೇ ವಾರದಲ್ಲಿ ಕೆಂಪು ಉಬ್ಬುಗಳು ಒಳಕ್ಕೆ ಒತ್ತುತ್ತಾ ಬರುತ್ತವೆ, ಎರಡು ಹಳದಿ ತುಂಡುಗಳು ನಡುವೆ ಒಂದಾಗುತ್ತವೆ, ಆಮೇಲೆ ಹಳದಿಗೆ ಎರಡೂ ಕಡೆಯಿಂದ ಕೆಂಪು ಕೂಡುತ್ತದೆ. ಮೇಲ್ತುಟಿಯ ನಡುಭಾಗ, ಮೇಲಿನ ನಾಲ್ಕು ಬಾಚಿಹಲ್ಲು, ಅವುಗಳ ಹಿಂದಿನ ಪುಟ್ಟ ಅಂಗಳು (ಬಾಯಿಯ ಮೇಲ್ಛಾವಣಿ), ಇಷ್ಟೂ ಹಳದಿಯ ಪಾಲು. ಈಗ ಕನ್ನಡಿ ನೋಡಿ. ಮೂಗಿನಿಂದ ತುಟಿಗೆ ಇಳಿಯುವ ಎರಡು ಏಣು ಕಾಣುತ್ತವೆ, ಅಲ್ವಾ? ಹಳದಿ ಕೆಂಪು ಕೂಡಿದ್ದು ಹೆಚ್ಚುಕಡಿಮೆ ಅಲ್ಲೇ. ಕೂಡದೆ ಉಳಿದರೆ ಸೀಳುತುಟಿ. ಅದಕ್ಕೇ ಸೀಳು ಪಕ್ಕಕ್ಕಿರುತ್ತದೆ, ಎಡಗಡೆ ಜಾಸ್ತಿ, ನಟ್ಟನಡುವೆ ತೀರಾ ಅಪರೂಪ. ಈ ಒಂದು ಮಾತು ಅರ್ಥವಾದರೆ ಅರ್ಧ ಅಧ್ಯಾಯ ಮುಗಿದ ಹಾಗೆ.

ಉಳಿದ ಅಂಗಳಿಗೆ ಪೆನ್ಸಿಲ್ ಸಾಲದು, ಕೈ ಬೇಕು. ಎರಡೂ ಅಂಗೈ ಎದುರುಬದುರು ಹಿಡಿದು ಬೆರಳುಗಳನ್ನು ಕೆಳಕ್ಕೆ ಮಾಡಿ. ಕೈಗಳು ಅಂಗಳಿನ ಎರಡು ಹಲಗೆಗಳು. ನಡುವೆ ಗೆಳತಿಯ ಮುಷ್ಟಿ ಇರಲಿ, ಅದು ನಾಲಗೆ. 6ನೇ ವಾರದಲ್ಲಿ ಹೀಗಿರುತ್ತದೆ. ಆಮೇಲೆ ಕೆಳದವಡೆ ಬೆಳೆದು ನಾಲಗೆ ಇಳಿಯುತ್ತದೆ. ಮುಷ್ಟಿ ಇಳಿಸಿ, ಕೈಗಳನ್ನು ಅಡ್ಡಕ್ಕೆ ಎತ್ತಿ, ಬೆರಳ ತುದಿ ತಾಗಿಸಿ. ಈಗ ಮುಷ್ಟಿ ಇಳಿಸದೆ ಇನ್ನೊಮ್ಮೆ ಮಾಡಿ ನೋಡಿ, ಬೆರಳು ತಾಗುವುದೇ ಇಲ್ಲ. ಹುಟ್ಟುತ್ತಲೇ ಇರುವ ತೊಂದರೆಯಾದ ಪಿಯರ್ ರೋಬಿನ್‌ನಲ್ಲಿ ಪುಟ್ಟ ದವಡೆ, ಸೀಳು ಅಂಗಳು ಒಟ್ಟಿಗೆ ಕಾಣುವುದು ಇದಕ್ಕೇ. ಅಂಗಳಿನ ಹಲಗೆಗಳ ಜೋಡಣೆ ಮುಂದಿನಿಂದ ಹಿಂದಕ್ಕೆ ಸಾಗಿ 12ನೇ ವಾರದ ಹೊತ್ತಿಗೆ ಕಿರುನಾಲಗೆ ಮುಟ್ಟುತ್ತದೆ. ತುಟಿಯ ಕೆಲಸ ಮೊದಲೇ ಮುಗಿದಿರುವುದರಿಂದ ತುಟಿ ಸರಿ ಇದ್ದೂ ಅಂಗಳು ಮಾತ್ರ ಸೀಳಿರಬಹುದು.

ಇನ್ನೊಂದು ಎಚ್ಚರ. ಪುಸ್ತಕದ ವಾರ ಗರ್ಭ ಕಟ್ಟಿದ ದಿನದಿಂದ, ಓಪಿಡಿಯ (ಆಸ್ಪತ್ರೆಯ ಹೊರರೋಗಿ ವಿಭಾಗ) ವಾರ ಕೊನೆಯ ಮುಟ್ಟಿನಿಂದ. ಪುಸ್ತಕದ ಲೆಕ್ಕಕ್ಕೆ ಎರಡು ವಾರ ಸೇರಿಸಿ.

ಇದು ಬರೀ ಪರೀಕ್ಷೆಗಲ್ಲ. ನಾಳೆ ಧಾರಾವಿಯಿಂದ ಕಲಬುರಗಿ ಕಡೆಯ ತಾಯಿಯೊಬ್ಬರು ಸೀಳುತುಟಿಯ ಮಗುವನ್ನು ಎತ್ತಿಕೊಂಡು ಬಂದು, ನಾನು ಗ್ರಹಣದ ದಿನ ಹೊರಗೆ ಬಂದಿದ್ದಕ್ಕೇ ಹೀಗಾಯ್ತಾ ಅಂತ ಕೇಳಬಹುದು. "ಇಲ್ಲಮ್ಮ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ತುಟಿ ಕೂಡುವುದು ಎರಡನೇ ತಿಂಗಳ ಸುಮಾರಿಗೆ, ಆಗ ಹೀಗಾಗಿದೆ, ತಪ್ಪು ನಿಮ್ಮದಲ್ಲ" ಅಂತ ಕನ್ನಡದಲ್ಲೇ ಹೇಳಿ, ಅದೇ ಚಿತ್ರ ಬಿಡಿಸಿ ತೋರಿಸಿ. ಮುಂದಿನ ಪ್ರಶ್ನೆ ಆಪರೇಷನ್ ಯಾವಾಗ ಅಂತ. ಸಾಮಾನ್ಯವಾಗಿ ತುಟಿಗೆ ಮಗುವಿನ 3ರಿಂದ 6 ತಿಂಗಳಲ್ಲಿ, ಅಂಗಳಿಗೆ 9ರಿಂದ 18 ತಿಂಗಳಲ್ಲಿ.