ಸೀಡ್ ಫ್ರೇಸ್‌ಗೆ ಪಾಸ್‌ಫ್ರೇಸ್ ಹಾಕೋ ಮುಂಚೆ ಇದನ್ನ ಓದ್ಕೊಳ್ಳಿ

ನಿಮ್ಮ ಕ್ರಿಪ್ಟೋ ವ್ಯಾಲೆಟ್ಟಿನ ಸೀಡ್ ಫ್ರೇಸ್, ಅಂದ್ರೆ ವ್ಯಾಲೆಟ್ ವಾಪಸ್ ಪಡೆಯೋ 12 ಅಥವಾ 24 ಪದ ಬರೆದಿಟ್ಟಿರೋ ಪೇಪರ್ ಯಾರ ಕೈಗಾದ್ರೂ ಸಿಕ್ರೆ ಮುಗೀತು, ಅವ್ರಿಗೆ ನಿಮ್ಮ ಹಾರ್ಡ್‌ವೇರ್ ವ್ಯಾಲೆಟ್ (ಕೀ ಇಟ್ಟುಕೊಳ್ಳೋ ಪುಟ್ಟ ಡಿವೈಸ್) ಬೇಡ ಪಿನ್ನೂ ಬೇಡ, ಬೇರೆ ಯಾವ್ದಾದ್ರೂ ವ್ಯಾಲೆಟ್ಟಲ್ಲಿ ಆ ಪದ ಹಾಕಿ ಎಲ್ಲಾ ಬಳ್ಕೊಂಡು ಹೋಗ್ತಾರೆ. ಇದಕ್ಕೇ ಪಾಸ್‌ಫ್ರೇಸ್ ಇರೋದು, ಅಂದ್ರೆ ಆ ಪದಗಳ ಜೊತೆಗೆ ನೀವೇ ಆರಿಸಿ ಸೇರಿಸೋ ಗುಟ್ಟಿನ ಪದಗಳು. ಕೆಲವ್ರು 25ನೇ ಪದ ಅಂತಾರೆ, ನಂಗಂತೂ ಆ ಹೆಸ್ರು ಹಿಡ್ಸಲ್ಲ, ಯಾಕಂದ್ರೆ ಇದು ಸೀಡ್ ಪದಗಳನ್ನ ಆರಿಸೋ 2048 ಪದದ ಲಿಸ್ಟಿಂದ ಬರೋದಲ್ಲ, ಒಂದೇ ಪದ ಆಗ್ಬೇಕು ಅಂತಾನೂ ಇಲ್ಲ.

ಬಿಪ್-39 (ಸೀಡ್ ಪದಗಳ ಸ್ಟ್ಯಾಂಡರ್ಡ್) ಲೆಕ್ಕದಲ್ಲಿ ಪದಗಳು ಮತ್ತು ಪಾಸ್‌ಫ್ರೇಸ್ ಎರಡನ್ನೂ ಸೇರಿಸಿ 2048 ಸುತ್ತು ಹ್ಯಾಶ್ ಮಾಡಿದ್ರೆ, ಅಂದ್ರೆ ಹಿಂದಕ್ಕೆ ತಿರುಗಿಸೋಕಾಗದ ಹಾಗೆ ಕಲಸಿದ್ರೆ, 512 ಬಿಟ್ ಸೀಡ್ ಅನ್ನೋ ದೊಡ್ಡ ಸಂಖ್ಯೆ ಬರುತ್ತೆ, ಕಾಯಿನ್ ಖರ್ಚು ಮಾಡೋಕೆ ಬೇಕಾದ ಎಲ್ಲಾ ಕೀನೂ ಅದ್ರಿಂದಾನೇ ಹುಟ್ಟೋದು. ಪದಗಳಲ್ಲಿ ತಪ್ಪಾದ್ರೆ ಚೆಕ್‌ಸಮ್ (ತಪ್ಪು ಹಿಡಿಯೋ ಲೆಕ್ಕ) ಇರೋದ್ರಿಂದ ವ್ಯಾಲೆಟ್ ಸಾಮಾನ್ಯವಾಗಿ ಹಿಡಿದುಬಿಡುತ್ತೆ, ಆದ್ರೆ ಪಾಸ್‌ಫ್ರೇಸ್‌ಗೆ ಅದಿಲ್ಲ, ಏನ್ ಟೈಪ್ ಮಾಡಿದ್ರೂ "ತಪ್ಪು" ಅನ್ನಲ್ಲ, ಸುಮ್ನೆ ಇನ್ನೊಂದು ಖಾಲಿ ವ್ಯಾಲೆಟ್ ತೆಗೆದು ತೋರಿಸುತ್ತೆ. ನಂಗೆ ಒಂದ್ಸಲ ಬ್ಯಾಲೆನ್ಸ್ ಸೊನ್ನೆ ಅಂತ ಬಂದು ಎದೆ ಧಸಕ್ ಅಂದಿತ್ತು, ಆಮೇಲೆ ನೋಡಿದ್ರೆ ಫೋನ್ ಕೀಬೋರ್ಡ್ ಕೊನೇಲಿ ತಾನಾಗೇ ಒಂದು ಸ್ಪೇಸ್ ಹಾಕಿತ್ತು ಅಷ್ಟೇ. ಮೊದಲ ಅಕ್ಷರ ಕ್ಯಾಪಿಟಲ್ ಆದ್ರೂ ಇದೇ ಗತಿ.

ಆಯ್ಕೆ ಮಾಡುವಾಗ ಹುಟ್ಟಿದ ದಿನ, ಮಕ್ಕಳ ಹೆಸ್ರು, ಹಾಡಿನ ಸಾಲು ಇವೆಲ್ಲ ಬೇಡ. ದಾಳ ಹಾಕಿ ಯಾವುದಾದ್ರೂ ಪದಪಟ್ಟಿಯಿಂದ ಐದಾರು ಪದ ತಗೊಳ್ಳಿ, ಎಲ್ಲಾ ಸ್ಮಾಲ್ ಲೆಟರ್, ಮಧ್ಯೆ ಒಂದೊಂದೇ ಸ್ಪೇಸ್. ಇಂಗ್ಲಿಷ್ ಅಕ್ಷರದಲ್ಲೇ ಇರ್ಲಿ, ಹಾರ್ಡ್‌ವೇರ್ ವ್ಯಾಲೆಟ್ ಕೀಪ್ಯಾಡಲ್ಲಿ ಕನ್ನಡ ಹೊಡೆಯೋಕಾಗಲ್ಲ.

ಟ್ರೆಜರ್, ಲೆಡ್ಜರ್ ಎರಡೂ ಹಾರ್ಡ್‌ವೇರ್ ವ್ಯಾಲೆಟ್ ಬ್ರ್ಯಾಂಡ್‌ಗಳು. ಟ್ರೆಜರ್‌ನಲ್ಲಿ ಡಿವೈಸ್ ಸೆಟ್ಟಿಂಗ್ಸಲ್ಲಿ ಪಾಸ್‌ಫ್ರೇಸ್ ಆನ್ ಮಾಡ್ಬೇಕು. ಲೆಡ್ಜರ್‌ನಲ್ಲಿ ಸೆಕ್ಯುರಿಟಿ ಮೆನು ಒಳಗಿದೆ, ಅಲ್ಲಿ ಇನ್ನೊಂದು ಪಿನ್‌ಗೆ ಕಟ್ಟಿಡಬಹುದು ಇಲ್ಲಾಂದ್ರೆ ತಾತ್ಕಾಲಿಕವಾಗಿ ಹಾಕ್ಬಹುದು, ತಾತ್ಕಾಲಿಕದ್ದು ಡಿವೈಸ್ ಆಫ್ ಆದ್ರೆ ಹೋಗುತ್ತೆ. ಟೈಪ್ ಮಾಡೋದು ಡಿವೈಸ್ ಮೇಲೇ ಆದ್ರೆ ಒಳ್ಳೇದು, ಕಂಪ್ಯೂಟರಲ್ಲಿ ಯಾವ ಮಾಲ್‌ವೇರ್ ಕೂತಿರುತ್ತೋ ಯಾರಿಗೆ ಗೊತ್ತು.

ಈಗ ಮುಖ್ಯವಾದ್ದು. ಪಾಸ್‌ಫ್ರೇಸ್ ಹಾಕಿದಾಗ ತೆರೆಯೋ ಹೊಸ ವ್ಯಾಲೆಟ್ಟಿನ ಮೊದಲ ಅಡ್ರೆಸ್ ಬರ್ಕೊಳ್ಳಿ, ತೋರಿಸೋದಾದ್ರೆ ಎಂಟಕ್ಷರದ ಫಿಂಗರ್‌ಪ್ರಿಂಟೂ (ವ್ಯಾಲೆಟ್ ಗುರುತಿನ ಕೋಡ್) ಬರ್ಕೊಳ್ಳಿ. ಆ ಅಡ್ರೆಸ್‌ಗೆ ಚಿಲ್ರೆ ಅಷ್ಟು ಕಳ್ಸಿ. ಹಳೇ ವ್ಯಾಲೆಟ್ಟಲ್ಲಿ ದುಡ್ಡಿದ್ರೆ ಪೇಪರ್‌ನಲ್ಲಿರೋ ಪದಗಳು ಸರಿ ಇದಾವಾ ಅಂತ ಮೊದ್ಲೇ ಚೆಕ್ ಮಾಡ್ಕೊಂಡು ಆಮೇಲೆ ಡಿವೈಸ್ ಪೂರ್ತಿ ರೀಸೆಟ್ ಮಾಡಿ, ಪೇಪರ್ ನೋಡ್ಕೊಂಡೇ ಪದ ಮತ್ತು ಪಾಸ್‌ಫ್ರೇಸ್ ಎರಡೂ ಹಾಕಿ. ಅದೇ ಅಡ್ರೆಸ್ ಬಂತಾ? ಹಾಗಾದ್ರೆ ಮಾತ್ರ ಉಳಿದದ್ದು ವರ್ಗಾಯಿಸಿ. ಪಾಸ್‌ಫ್ರೇಸ್ ಆನ್ ಮಾಡಿದ ಮಾತ್ರಕ್ಕೆ ಹಳೇ ಕಾಯಿನ್ ತಾನಾಗಿ ಈ ಕಡೆ ಬರಲ್ಲ, ನೀವೇ ಫೀಸ್ ಕಟ್ಟಿ ಕಳಿಸ್ಬೇಕು.

ಪಾಸ್‌ಫ್ರೇಸೂ ಬರೆದಿಡಿ, ಆದ್ರೆ ಸೀಡ್ ಇರೋ ಜಾಗದಲ್ಲಿ ಅಲ್ಲ. ತಲೇಲಿದೆ ಅಂತ ಬಿಡ್ಬೇಡಿ, ಮರೆತ್ರೆ ರೀಸೆಟ್ ಲಿಂಕ್ ಕಳ್ಸೋರು ಯಾರೂ ಇಲ್ಲ.