ಜೂಡೋ ಬೆರಳಿಗೆ ಟೇಪ್ ಸುತ್ತುವುದು ಹೇಗೆ?

ಜೂಡೋ ಗಾಯ ಅಂದ ತಕ್ಷಣ ಎಲ್ಲರೂ ಮಂಡಿ, ಭುಜದ ಮಾತಾಡುತ್ತಾರೆ. ಹಳೆಯ ಆಟಗಾರರ ಕೈ ನೋಡಿ, ಬೆರಳಿನ ನಡುಗೆಣ್ಣುಗಳು ಊದಿ ಸೊಟ್ಟಗಾಗಿರುತ್ತವೆ. ಎದುರಾಳಿಯ ಅಂಗಿಯ ತೋಳನ್ನೋ ಕಾಲರನ್ನೋ ನೀವು ಬಿಗಿಯಾಗಿ ಹಿಡಿದಿರುತ್ತೀರಿ, ಅವರು ಝಾಡಿಸಿ ಬಿಡಿಸಿಕೊಳ್ಳುತ್ತಾರೆ. ಪೆಟ್ಟು ಬೀಳುವುದು ಗೆಣ್ಣಿನ ಪಕ್ಕದ ಲಿಗಮೆಂಟ್‌ಗೆ, ಅಂದರೆ ಮೂಳೆಗಳನ್ನು ಜೋಡಿಸಿ ಹಿಡಿಯುವ ನಾರಿಗೆ. ಟೇಪ್ ಎಲ್ಲರೂ ಸುತ್ತುತ್ತಾರೆ. ಆದರೆ ಜಾಸ್ತಿ ಜನ ಗೆಣ್ಣಿನ ಮೇಲೇ ನಾಲ್ಕು ಸುತ್ತು ಹಾಕಿ ಮ್ಯಾಟ್‌ಗೆ ಇಳಿಯುತ್ತಾರೆ. ಬೆರಳು ಮಡಚಲೂ ಆಗಲ್ಲ, ಗೆಣ್ಣಿಗೆ ಆಸರೆಯೂ ಸಿಗಲ್ಲ.

ಟೇಪ್ ಹಿಗ್ಗಬಾರದು. ಹತ್ತಿ ಬಟ್ಟೆಯ ಜಿಂಕ್ ಆಕ್ಸೈಡ್ ಟೇಪ್, ಅರ್ಧ ಇಂಚು ಅಗಲದ್ದು ತಗೊಳ್ಳಿ. ಒಂದಿಂಚಿನದು ಸಿಕ್ಕರೆ ಉದ್ದಕ್ಕೆ ಸೀಳಿಕೊಳ್ಳಿ. ಡ್ರೆಸಿಂಗ್‌ಗೆ ಹಾಕುವ ಪೇಪರ್ ಟೇಪ್ ಬೆವರಿಗೆ ಕಿತ್ತು ಬರುತ್ತದೆ, ಸುಮ್ನೆ ದುಡ್ಡು ದಂಡ. ವೈರಿಗೆ ಸುತ್ತುವ ಕಪ್ಪು ಟೇಪನ್ನೇ ಬೆರಳಿಗೆ ಸುತ್ತಿಕೊಂಡವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಉಗುರು ಕತ್ತರಿಸಿ, ಕೈ ತೊಳೆದು ಒಣಗಿಸಿಕೊಳ್ಳಿ.

ಈಗ ನಿಧಾನವಾಗಿ ಮಾಡಬೇಕಾದ ಕೆಲಸ. ಬೆರಳನ್ನು ಲೋಟ ಹಿಡಿದಂತೆ ಸ್ವಲ್ಪ ಬಾಗಿಸಿ. ನೆಟ್ಟಗಿಟ್ಟು ಸುತ್ತಿದರೆ ಆಮೇಲೆ ಹಿಡಿತವೇ ಕೂರಲ್ಲ. ನಡುಗೆಣ್ಣಿಗಿಂತ ಕೆಳಗೆ, ಬುಡದ ಕಡೆ ಒಂದೂವರೆ ಸುತ್ತು ಹಾಕಿ. ಅಲ್ಲಿಂದ ಟೇಪನ್ನು ಅಂಗೈ ಬದಿಯಲ್ಲಿ, ಗೆಣ್ಣಿನ ಗೆರೆಯ ಮೇಲೆ ಓರೆಯಾಗಿ ದಾಟಿಸಿ. ಗೆಣ್ಣು ದಾಟಿದ ಮೇಲೆ ತುದಿಯ ಕಡೆ ಒಂದು ಸುತ್ತು ಹಾಕಿ, ಮತ್ತೆ ಅಂಗೈ ಬದಿಯಿಂದಲೇ ಓರೆಯಾಗಿ ಕೆಳಗಿಳಿಸಿ. ಎರಡೂ ಪಟ್ಟಿಗಳು ಗೆಣ್ಣಿನ ಗೆರೆಯ ಮೇಲೇ ಕತ್ತರಿ ಹಾಕಿರಬೇಕು. ಬೆರಳು ಹಿಂದಕ್ಕೆ ಬಾಗದಂತೆ ತಡೆಯುವುದು ಈ ಕತ್ತರಿಯೇ. ಬೆರಳಿನ ಬೆನ್ನಿನ ಕಡೆ ಗೆಣ್ಣು ಬರಿದಾಗಿ ಕಾಣಬೇಕು. ಓರೆ ಪಟ್ಟಿ ಎಳೆದು ಹಾಕಿ, ಸುತ್ತುಗಳನ್ನು ಬರೀ ಅಂಟಿಸಿ. ಜನ ಇದನ್ನು ಉಲ್ಟಾ ಮಾಡಿ ಬೆರಳು ನೀಲಿ ಮಾಡಿಕೊಳ್ಳುತ್ತಾರೆ.

ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನಲ್ಲಿ ಕೆಂಪು ವಾಪಸ್ ಬರದಿದ್ದರೆ ಬಿಚ್ಚಿ ಮತ್ತೆ ಸುತ್ತಿ.

ಪಕ್ಕಕ್ಕೆ ವಾಲುವ ಬೆರಳಾದರೆ ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿ. ನಡುವೆ ಚೂರು ಹತ್ತಿ ಇರಲಿ.

ಟೇಪ್ ಹಾಕಲೇಬಾರದ ಗಾಯಗಳೂ ಇವೆ. ನಡುಗೆಣ್ಣನ್ನು ಅಲುಗದಂತೆ ಹಿಡಿದು ಬೆರಳ ತುದಿಯನ್ನಷ್ಟೇ ಮಡಚಿ ನೋಡಿ. ಮಡಚಲು ಆಗದಿದ್ದರೆ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಕಿತ್ತಿರಬಹುದು. ಬಟ್ಟೆ ಹಿಡಿದಾಗ ಉಂಗುರದ ಬೆರಳಿಗೇ ಇದು ಜಾಸ್ತಿ ಆಗುವುದು. ನೋವು ಅಷ್ಟೇನಿಲ್ಲ ಅಂತ ಕಾಯಬೇಡಿ. ದಿನ ಕಳೆದಷ್ಟೂ ಆಪರೇಷನ್ ಕಷ್ಟವಾಗುತ್ತದೆ. ತುದಿ ಜೋತುಬಿದ್ದು ನೆಟ್ಟಗಾಗದಿದ್ದರೂ ಎಕ್ಸ್-ರೇ ಬೇಕೇ ಬೇಕು. ಗೆಣ್ಣು ತಪ್ಪಿದ್ದರೆ ಎಳೆದು ಕೂರಿಸಲು ಸ್ನೇಹಿತರಿಗೆ ಬೆರಳು ಕೊಡಬೇಡಿ.

ಅಭ್ಯಾಸ ಮುಗಿದ ಮೇಲೆ ಟೇಪ್ ತೆಗೆದುಬಿಡಿ. ಅಂಟು ಬಿಡದಿದ್ದರೆ ಅಂಚಿಗೆ ಕೊಬ್ಬರಿ ಎಣ್ಣೆ ಸವರಿ.